ಒಂದ್ಸಲಕ್ಕಾ, ತಿಂಗಳಿಗಾ? ಬೀಗ ಬಿದ್ದ ಮಕ್ಕಳ ಭವನದ ಪ್ರಕರಣ

ಇದು ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಒಂದರಲ್ಲಿ ನಡೆದದ್ದು. ಯಾವುದು ಅಂತ ಹೇಳುವುದಿಲ್ಲ. ಊರಿನಲ್ಲಿರುವುದು ಪುರಸಭೆಯೋ ಪಟ್ಟಣ ಪಂಚಾಯಿತಿಯೋ ಅದನ್ನೂ ಹೇಳುವುದಿಲ್ಲ, ಬರೆಯಲು ಸಲೀಸು ಅಂತ ಪುರಸಭೆ ಎನ್ನುತ್ತೇನೆ. ಪಕ್ಷದ ಹೆಸರಿಲ್ಲ, ಇಸವಿ ಇಲ್ಲ. ಮಕ್ಕಳ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಗಿನ ಶಾಸಕರನ್ನು ಊರವರು ಕರೆಯುವ ಹಾಗೆ ಸಾಹೇಬ್ರು ಎನ್ನುತ್ತೇನೆ. ಅವರೆದುರು ಸೋತವರು ಮಾಜಿ.

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪೋಷಕರ ಪರವಾಗಿ ಅರ್ಜಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಈ ಪ್ರಕರಣದ ಮೊದಲ ದೊಡ್ಡ ತಪ್ಪು ನನ್ನ ಬಾಯಿಂದಲೇ ಬಂದದ್ದು. ಅದನ್ನು ಮುಚ್ಚಿಟ್ಟು ಉಳಿದವರ ತಪ್ಪು ಹೇಳುವುದು ಸರಿಯಲ್ಲ ಅಲ್ವಾ.

ಹಿನ್ನೆಲೆ

ಪೋಷಕರ ಗುಂಪು ಶುರುವಾದಾಗ 14 ಮಕ್ಕಳಿದ್ದರು. ಚಿಕ್ಕವನಿಗೆ 5 ವರ್ಷ, ದೊಡ್ಡವಳಿಗೆ 15. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ. ಉಳಿದವರಲ್ಲಿ ಬುದ್ಧಿಮಾಂದ್ಯತೆ, ಆಟಿಸಂ. 8 ಮಕ್ಕಳು ಪಟ್ಟಣದವರು, 6 ಮಕ್ಕಳು ಸುತ್ತಲಿನ ಹಳ್ಳಿಯವರು. ಈ ಲೆಕ್ಕ ನೆನಪಿರಲಿ, ಮುಂದೆ ಇದೇ ತಲೆನೋವಾಗುತ್ತದೆ. ಅಪ್ಪ ಅಮ್ಮಂದಿರಲ್ಲಿ ಶೇಂಗಾ ಸುಲಿಯುವ ಕೂಲಿಯವರಿದ್ದರು, ಒಬ್ಬರು ಅಂಗನವಾಡಿ ಸಹಾಯಕಿ, ಒಬ್ಬರು ಅದಿರು ಲಾರಿ ಓಡಿಸುವ ಡ್ರೈವರಣ್ಣ. ದೊಡ್ಡ ಹುಡುಗಿಯ ತಾಯಿ ಬಸ್ ಸ್ಟ್ಯಾಂಡ್ ಮುಂದೆ ಹೂವು ಮಾರುತ್ತಾರೆ. ಅವರನ್ನು ಹೂವಿನ ಅಕ್ಕ ಎಂದೇ ಕರೆಯುತ್ತೇನೆ.

ತಾಲ್ಲೂಕಿನ ಬಿಆರ್‌ಸಿ ಕಚೇರಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಹಿಂದೆ ಒಂದು ಕೋಣೆ. ಅದಕ್ಕೆ ಶಾಲಾ ಸಿದ್ಧತಾ ಕೇಂದ್ರ ಅಂತ ಹೆಸರು. ವಾರಕ್ಕೊಂದು ದಿನ ಫಿಸಿಯೊಥೆರಪಿಸ್ಟ್ ಬಂದು ಮಕ್ಕಳ ಕೈಕಾಲು ಎಳೆದು, ಬಗ್ಗಿಸಿ, ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದರು. ಅವರದು ದಿನಕ್ಕಿಷ್ಟು ಅಂತ ಗೌರವಧನ. ಕೋವಿಡ್ ಕಾಲದಲ್ಲಿ ಕೋಣೆ ಮುಚ್ಚಿತು. ತೆರೆದ ಮೇಲೆ ಅವರು ಬರಲಿಲ್ಲ. ಹಳೆಯ ಬಾಕಿಯೇ ಬಂದಿಲ್ಲ ಎಂದರು. ಯಾರನ್ನು ದೂರುವುದು?

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮೆದುಳಿಗೆ ಆದ ಪೆಟ್ಟು ಹೆಚ್ಚಾಗುವುದಿಲ್ಲ. ಆದರೆ ಸ್ನಾಯುಗಳನ್ನು ಸುಮ್ನೆ ಬಿಟ್ಟರೆ ಬಿಗಿಯುತ್ತಾ ಹೋಗುತ್ತವೆ. ಮೊಣಕಾಲು ಮಡಚಿದ ಹಾಗೇ ಕಚ್ಚಿಕೊಳ್ಳುತ್ತದೆ. ಒಮ್ಮೆ ಹಾಗಾದರೆ ಬರೀ ವ್ಯಾಯಾಮದಿಂದ ಬಿಡಿಸುವುದು ಕಷ್ಟ, ಕೆಲವರಿಗೆ ಆಪರೇಷನ್ನೇ ಬೇಕಾಗುತ್ತದೆ. ಹೂವಿನ ಅಕ್ಕ ಇದನ್ನು ನನಗೆ ಒಂದೇ ಮಾತಲ್ಲಿ ಅರ್ಥ ಮಾಡಿಸಿದರು: "ಹೂವು ದಿನಾ ಕಟ್ಟಬೇಕು ಮೇಷ್ಟ್ರೇ. ಯುಗಾದಿಗೆ ಕಟ್ಟಿದ್ದು ದೀಪಾವಳಿಗೆ ಬರಲ್ಲ."

ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಜನ ಸಿಆರ್‌ಸಿ ಅನ್ನುತ್ತಾರೆ. ಕೆಲವು ಮಕ್ಕಳನ್ನು ಅಲ್ಲಿಗೆ ಕರೆದೊಯ್ದದ್ದೂ ಉಂಟು. ದುರ್ಗದಿಂದಲೇ ದಾವಣಗೆರೆ ಸುಮಾರು 60 ಕಿ.ಮೀ., ನಮ್ಮೂರಿನಿಂದ ಮೊದಲು ದುರ್ಗ ಸೇರಬೇಕು. ಒಂದು ಗಂಟೆಯ ಥೆರಪಿಗೆ ಒಂದು ದಿನದ ಕೂಲಿ ಹೋಗುತ್ತದೆ. ಈಗ ಶಕ್ತಿ ಯೋಜನೆ ಇದೆ, ಅಮ್ಮಂದಿರಿಗೆ ಬಸ್ ಟಿಕೆಟ್ ಇಲ್ಲ. ಆಗ ಇರಲಿಲ್ಲ. 12 ವರ್ಷದ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ ಹತ್ತುವ ತಾಯಿಗೆ ಟಿಕೆಟ್ ಒಂದೇ ಸಮಸ್ಯೆಯೂ ಅಲ್ಲ.

ಕಾಗದದಲ್ಲಿ ಏನಿದೆ ಎಂದು ನೋಡಿದರೆ ಬೇಜಾರೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳು ಶಿಷ್ಯವೇತನ. ಕೇಂದ್ರದ ಪಾಲು 60, ರಾಜ್ಯದ್ದು 40. ಆ 3,500 ಅನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ 10 ರೂಪಾಯಿಯೂ ಆಗುವುದಿಲ್ಲ. ನಮ್ಮ ಕಡೆ ಅದಕ್ಕೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿಯೂ ಸಿಗಲ್ಲ.

ಸಮಸ್ಯೆ ಶುರುವಾದದ್ದು ವೇದಿಕೆ ಮೇಲೆ

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆ ವರ್ಷ ತಾಲ್ಲೂಕು ಮಟ್ಟದ ಕಾರ್ಯಕ್ರಮಕ್ಕೆ ನಮ್ಮ ಮಕ್ಕಳನ್ನೆಲ್ಲ ಕರೆತರಲು ಹೇಳಿದ್ದರು. ಬೆಳಗ್ಗೆ 10ಕ್ಕೆ ಅಂತ ಕರೆದರು. ಸಾಹೇಬ್ರು ಬಂದಾಗ ಒಂದೂವರೆ. ಶಾಮಿಯಾನದ ನೆರಳು ಅಷ್ಟರಲ್ಲಿ ಸರಿದುಹೋಗಿತ್ತು. ವೇದಿಕೆಗೆ ಐದು ಮೆಟ್ಟಿಲು, ರ‍್ಯಾಂಪ್ ಇಲ್ಲ. ಹಾಗಾಗಿ ಸನ್ಮಾನ ಆಗಬೇಕಿದ್ದ ಹುಡುಗನನ್ನು ಇಬ್ಬರು ಎತ್ತಿಕೊಂಡು ಮೇಲೆ ಹತ್ತಿಸಿದರು. ಫೋಟೊದಲ್ಲಿ ಅದು ತುಂಬಾ ಚೆನ್ನಾಗಿ ಬಂತು.

ಮೂರು ಗಾಲಿಕುರ್ಚಿ ಕೊಟ್ಟರು. ಮೂರೂ ದೊಡ್ಡವರ ಅಳತೆಯವು. ಒಂದು 7 ವರ್ಷದ ಹುಡುಗನಿಗೆ ಬಂತು. ಅದರಲ್ಲಿ ಅವನು ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರಬೇಕು, ಕಾಲು ಪಾದಪಟ್ಟಿಗೆ ಮುಟ್ಟುವುದಿಲ್ಲ. ಹಾಗೆ ವಾಲಿ ಕೂತರೆ ಬೆನ್ನು ಇನ್ನಷ್ಟು ಸೊಟ್ಟಗಾಗುತ್ತದೆ ಎಂದು ದಾವಣಗೆರೆಯಲ್ಲಿ ಹೇಳಿದ ಮೇಲೆ ಆ ಕುರ್ಚಿ ಮನೆಯಲ್ಲಿ ಬಟ್ಟೆ ಒಣಗಿಸಲು ಬಳಕೆಯಾಯಿತು.

ಸಾಹೇಬ್ರು ಚೆನ್ನಾಗಿ ಮಾತಾಡುತ್ತಾರೆ. "ಇವರು ಅಂಗವಿಕಲರಲ್ಲ, ದೇವರ ಮಕ್ಕಳು" ಎಂದರು. ಈ ಹೆಸರಿಡುವ ಹುಚ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದಾಗ ಅಂಗವಿಕಲರು. ಆಮೇಲೆ ವಿಕಲಚೇತನರು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೇಳಿದ ಮೇಲೆ ದಿವ್ಯಾಂಗರು. ಈಗ ವಿಶೇಷ ಚೇತನರು. ಪ್ರತಿ ಸಲ ಬೋರ್ಡ್ ಬರೆಸಲು ದುಡ್ಡು ಸಿಕ್ಕಿದೆ.

ಭಾಷಣದ ಕೊನೆಗೆ ಸಾಹೇಬ್ರು ಕೇಳಿದರು, ನಿಮಗೇನು ಬೇಕು ಹೇಳಿ. ಮೈಕ್ ನನ್ನ ಕೈಗೆ ಬಂತು. ನಾನು ಏನು ಹೇಳಿದೆ ಗೊತ್ತಾ? "ಸಾರ್, ಮಕ್ಕಳಿಗೆ ಒಂದು ಸ್ವಂತ ಕಟ್ಟಡ ಬೇಕು."

ಯಾಕೆ ಹಾಗಂದೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. 30 ವರ್ಷ ಸರ್ಕಾರಿ ಶಾಲೆಯಲ್ಲಿದ್ದವನಿಗೆ ಕೇಳಲು ಗೊತ್ತಿದ್ದದ್ದೇ ಕಟ್ಟಡ. ಕೋಣೆ ಸೋರುತ್ತದೆ, ಕಾಂಪೌಂಡ್ ಇಲ್ಲ, ಶೌಚಾಲಯ ಇಲ್ಲ. ಇಷ್ಟೇ ನಮ್ಮ ಬೇಡಿಕೆಯ ಭಾಷೆ. ನಮಗೆ ಬೇಕಿದ್ದದ್ದು ಒಬ್ಬ ಮನುಷ್ಯ, ತಪ್ಪದೆ ಬರುವ ಒಬ್ಬ ಮನುಷ್ಯ. ಬಿಆರ್‌ಸಿ ಹಿಂದಿನ ಕೋಣೆಯೇ ಸಾಕಾಗಿತ್ತು. ಸಾಹೇಬ್ರು ಅಲ್ಲೇ ಘೋಷಿಸಿದರು, 25 ಲಕ್ಷ. ಚಪ್ಪಾಳೆ. ನಾನೂ ತಟ್ಟಿದೆ.

ಮೊದಲ ಸುತ್ತು: ಭವನ

ಘೋಷಣೆಯಾಗಿ ಏಳು ತಿಂಗಳಿಗೆ ಗುದ್ದಲಿಪೂಜೆ, ಅದಾಗಿ ಒಂದು ವರ್ಷಕ್ಕೆ ಉದ್ಘಾಟನೆ. ನಿಜ ಹೇಳಬೇಕೆಂದರೆ ಕಟ್ಟಡ ಚೆನ್ನಾಗಿದೆ. ಗ್ರಾನೈಟ್ ಮೇಲೆ ಬಂಗಾರದ ಬಣ್ಣದ ಅಕ್ಷರ, 19 ಹೆಸರು. ಆ 19ರಲ್ಲಿ ಒಂದೂ ಮಗುವಿನದಲ್ಲ, ಅದಿರಲಿ. ಉದ್ಘಾಟನೆಯ ಮಾರನೆಯ ದಿನ ಮಕ್ಕಳನ್ನು ಕರೆದುಕೊಂಡು ಹೋದರೆ ಬಾಗಿಲಿಗೆ ಬೀಗ. ಬೀಗದ ಕೈ ಎಲ್ಲಿ ಅಂದರೆ ಗುತ್ತಿಗೆದಾರನ ಹತ್ತಿರ. ಇನ್ನೂ ಇಲಾಖೆಗೆ ಹಸ್ತಾಂತರ ಆಗಿಲ್ಲವಂತೆ. ಯಾವ ಇಲಾಖೆಗೆ? ಅದು ಯಾರಿಗೂ ಗೊತ್ತಿಲ್ಲ. ಶಿಕ್ಷಣ ಇಲಾಖೆ ನಮ್ಮದಲ್ಲ ಅಂದಿತು. ಅಂಗವಿಕಲರ ಕಲ್ಯಾಣ ಇಲಾಖೆಯವರು, ನಮ್ಮಲ್ಲಿ ಅಂಥ ಹುದ್ದೆಯೇ ಮಂಜೂರಾಗಿಲ್ಲ, ಕಟ್ಟಡ ತಗೊಂಡು ಏನು ಮಾಡೋಣ ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದ್ದು 5 ಕೋಟಿ. ಎರಡೂ ಆಸ್ತಿ ಮಾಡಲು ಇರುವ ಹಣ. ಗೋಡೆ, ಛಾವಣಿ, ಬೋರ್‌ವೆಲ್, ಬಸ್ ತಂಗುದಾಣ ಆಗುತ್ತದೆ. ತಿಂಗಳ ಸಂಬಳ ಕೊಡಲು ಬರುವುದಿಲ್ಲ. ಕಟ್ಟಿಸಿದವರಿಗೆ ಇದು ಮೊದಲೇ ಗೊತ್ತಿತ್ತು. ಕೇಳಿದ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಹೇಳದೆ ಚಪ್ಪಾಳೆ ತಗೊಂಡದ್ದನ್ನು ಏನಂತ ಕರೆಯಬೇಕೋ ಓದುವವರು ತೀರ್ಮಾನಿಸಿ.

ಅದೇ ವರ್ಷ ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ (ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ) ಬಿಆರ್‌ಸಿಯ ಫಿಸಿಯೊ ವಿಷಯ ಬಂದಿತ್ತಂತೆ. ಸಭೆಯಲ್ಲಿದ್ದವರೊಬ್ಬರು ಹೇಳಿದ್ದು: ಸಾಹೇಬ್ರು ಪುಟ ತಿರುಗಿಸಿ "ಅದು ಅನುದಾನ ಬಂದಾಗ ನೋಡೋಣ, ಮುಂದೆ ಹೋಗಿ" ಎಂದರು. ಚರ್ಚೆ ಒಂದು ನಿಮಿಷವೂ ನಡೆಯಲಿಲ್ಲ.

ಎರಡನೇ ಸುತ್ತು: ಧರಣಿ

ಬೀಗ ಬಿದ್ದ ಭವನ ಮಾಜಿಯವರ ಕಣ್ಣಿಗೆ ಬಿತ್ತು. ಅವರೇ ಹೂವಿನ ಅಕ್ಕನ ಅಂಗಡಿ ಹತ್ತಿರ ಬಂದು, "ನಿಮ್ಮ ಜೊತೆ ನಾನಿದ್ದೀನಿ ಕಣಮ್ಮ" ಎಂದರು. ತಾಲ್ಲೂಕು ಕಚೇರಿ ಮುಂದೆ ಧರಣಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂದು ಅವರ ಕಡೆಯ ಹುಡುಗರು ಹೇಳಿದರು.

ಇಲ್ಲಿ ಗುಂಪಿನಲ್ಲಿ ಮೊದಲ ಸಲ ಜೋರು ಜಗಳವಾಯಿತು. ಅಂಗನವಾಡಿ ಸಹಾಯಕಿ ಒಪ್ಪಲಿಲ್ಲ. "ಅವತ್ತು ಅವರ ಸ್ಟೇಜಿಗೆ ಮಕ್ಕಳನ್ನ ಕೊಟ್ವಿ, ಇವತ್ತು ಇವರ ಶಾಮಿಯಾನಕ್ಕೆ ಕೊಡೋದಾ?" ಎಂದರು. ಡ್ರೈವರಣ್ಣನ ಲಾರಿ ಮಾಲೀಕರು ಸಾಹೇಬ್ರ ಆಪ್ತರು, ಅವರಿಗೆ ಕೆಲಸದ ಭಯ. ಹೂವಿನ ಅಕ್ಕ ಕೂರುವುದು ಪುರಸಭೆಯ ಫುಟ್‌ಪಾತ್ ಮೇಲೆ, ಪುರಸಭೆ ಇರುವುದು ಮಾಜಿಯವರ ಪಕ್ಷದ ಕೈಯಲ್ಲಿ. ಬರಲ್ಲ ಎಂದರೂ ಕಷ್ಟ. ಕೊನೆಗೆ ದೊಡ್ಡವರು ಮಾತ್ರ ಹೋಗುವುದು, ಮಕ್ಕಳು ಬೇಡ ಎಂದು ತೀರ್ಮಾನವಾಯಿತು. ಮಕ್ಕಳಿಲ್ಲ ಎಂದು ತಿಳಿದ ಮೇಲೆ ಧರಣಿ ಎರಡು ಗಂಟೆಗೇ ಮುಗಿಯಿತು. ತಹಶೀಲ್ದಾರ್ ಮನವಿ ಸ್ವೀಕರಿಸಿದರು. ಅದರ ಫೋಟೊ ಕೂಡ ನನ್ನ ಹತ್ತಿರ ಇದೆ.

ಅದೇ ಸಮಯಕ್ಕೆ ಒಬ್ಬ ವರದಿಗಾರರು ಬಂದು ಬೀಗದ ಫೋಟೊ ಹಾಕಿ ಸುದ್ದಿ ಮಾಡುತ್ತೇನೆ, ಯಾರಾದರೂ ಹೆಸರು ಹಾಕಿ ಮಾತಾಡಿ ಎಂದರು. ಯಾರೂ ಮುಂದೆ ಬರಲಿಲ್ಲ. ನಾನು ಪಿಂಚಣಿದಾರ, ನನಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಆದರೂ ಪೋಷಕರು ಬೇಡ ಎಂದಾಗ ಸುಮ್ಮನಾದೆ. ಅದರಿಂದ ಕೆಲವು ತಿಂಗಳು ಹೋಯಿತು ಎಂದು ಈಗ ಅನಿಸುತ್ತದೆ. ಆದರೆ ಅವತ್ತಿನ ಭಯ ಸುಳ್ಳಾಗಿರಲಿಲ್ಲ. ಇವತ್ತಿಗೂ ಅವರನ್ನು ತಪ್ಪು ಎನ್ನಲಾರೆ.

ತಿರುವು: ನಡಾವಳಿ ಪುಸ್ತಕ

ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಹಣ ಮೀಸಲಿಡುವ ಮೂರು ಅಂಕಿಗಳು ಎಲ್ಲ ಸದಸ್ಯರಿಗೂ ಬಾಯಿಪಾಠ. ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ. ಇದು ನನಗೆ ಗೊತ್ತಾದದ್ದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರಿಂದ. ಅವರೂ ಪೋಲಿಯೊ ಆದವರು, ಪಂಚಾಯಿತಿಯಲ್ಲಿ ಗೌರವಧನದ ಮೇಲೆ ಕೆಲಸ ಮಾಡುವವರು. ಅವರಂದರು: "ಮೇಷ್ಟ್ರೇ, ಬೆಂಗಳೂರಿನ ದುಡ್ಡಿಗೆ ಯಾಕೆ ಕಾಯ್ತೀರಿ? ಊರಿನ ಶೇ 5 ಎಲ್ಲಿ ಹೋಯ್ತು ಕೇಳಿ."

ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಮೊದಲ ಅರ್ಜಿ ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಮೇಷ್ಟ್ರು, ನಾಲ್ಕು ಪುಟ ಬರೆದಿದ್ದೆ. ಎರಡನೇ ಸಲ ಮೂರು ಸಾಲು ಬರೆದೆ: ಕಳೆದ ಮೂರು ವರ್ಷದ ಶೇ 5ರ ಕ್ರಿಯಾ ಯೋಜನೆ, ಖರ್ಚಿನ ವಿವರ, ಅನುಮೋದಿಸಿದ ಸಭೆಯ ನಡಾವಳಿ. 10 ರೂಪಾಯಿ ಪೋಸ್ಟಲ್ ಆರ್ಡರ್. 30 ದಿನದ ಗಡುವು ಮೀರಿತು, ಮೇಲ್ಮನವಿ ಹಾಕಿದ ಮೇಲೆ ಕಾಗದ ಬಂತು.

ಒಂದು ವರ್ಷದ ಹಣ ಸಿಸಿ ರಸ್ತೆಗೆ ಹೋಗಿತ್ತು. ಕಾಮಗಾರಿಯ ಹೆಸರು "ಅಂಗವಿಕಲರ ಓಡಾಟದ ಅನುಕೂಲಕ್ಕಾಗಿ". ಆ ರಸ್ತೆ ಎಲ್ಲಿದೆ ಎಂದು ಡ್ರೈವರಣ್ಣ ನೋಡಿಕೊಂಡು ಬಂದರು. ಆ ಬೀದಿಯಲ್ಲಿ ನಮ್ಮ ಪಟ್ಟಿಯ ಒಂದು ಮಗುವೂ ಇಲ್ಲ, ಸದಸ್ಯರೊಬ್ಬರ ಅಕ್ಕಿ ಗೋದಾಮು ಇದೆ. ಮತ್ತೊಂದು ವರ್ಷ ತ್ರಿಚಕ್ರ ವಾಹನ ಕೊಟ್ಟಿದ್ದರು, ಎಲ್ಲ ದೊಡ್ಡವರಿಗೆ, ಅದೇನು ತಪ್ಪಲ್ಲ. ಮೂರನೇ ವರ್ಷದ ಹಣ ಖರ್ಚೇ ಆಗಿರಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ನಡಾವಳಿಯ ಪುಟ. ರಸ್ತೆ ವಿಷಯಕ್ಕೆ "ಸರ್ವಾನುಮತದಿಂದ ಅನುಮೋದಿಸಲಾಯಿತು" ಎಂದಿತ್ತು. ಕೆಳಗೆ ಎರಡೂ ಪಕ್ಷದ ಸದಸ್ಯರ ಸಹಿ. ಮಾಜಿಯವರ ಬಲಗೈ ಬಂಟ ಸೂಚಕ, ಸಾಹೇಬ್ರ ಬಲಗೈ ಬಂಟ ಅನುಮೋದಕ. ಒಂದು ಚರಂಡಿ ವಿಷಯಕ್ಕೆ ಕುರ್ಚಿ ಎತ್ತಿಕೊಂಡವರು ಇಲ್ಲಿ ಒಂದೇ ತಟ್ಟೆಯಲ್ಲಿ ಉಂಡಿದ್ದರು.

ಇದನ್ನು ಹಿಡಿದುಕೊಂಡು ಇಬ್ಬರನ್ನೂ ಬೀದಿಗೆಳೆಯಬೇಕು ಅನ್ನುವುದು ನನ್ನ ಮೊದಲ ಆಲೋಚನೆ. ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವ ದಾರಿಯೂ ಇತ್ತು. ಪುರಸಭೆಯ ಲೆಕ್ಕದ ಗುಮಾಸ್ತರೊಬ್ಬರು ಜೆರಾಕ್ಸ್ ಕೊಡುವಾಗ ಮೆಲ್ಲಗೆ ಹೇಳಿದ ಮಾತು ದಾರಿ ಬದಲಿಸಿತು. "ದೂರು ಕೊಡಿ ಸಾರ್, ಬೇಡ ಅನ್ನಲ್ಲ. ಆದ್ರೆ ಹೋದ ದುಡ್ಡು ಬರಲ್ಲ. ಇನ್ನೊಂದು ತಿಂಗಳಿಗೆ ಬಜೆಟ್ ಪೂರ್ವಭಾವಿ ಸಭೆ ಇದೆ. ತಿಂಗಳಿಗೆ ಎಷ್ಟು ಬೇಕು ಅಂತ ಒಂದು ಹಾಳೇಲಿ ಬರ್ಕೊಂಡು ಬನ್ನಿ. ಕ್ರಿಯಾ ಯೋಜನೇಲಿ ಒಂದು ಸಾಲು ಬರೋ ಹಾಗೆ ಮಾಡ್ಕೊಳ್ಳಿ. ಸಾಲು ಬಂದ್ರೆ ಯಾವ ಪಕ್ಷ ಬಂದ್ರೂ ಅಷ್ಟು ಸುಲಭಕ್ಕೆ ಅಳಿಸಕ್ಕಾಗಲ್ಲ."

ಎರಡು ವರ್ಷದಲ್ಲಿ ನಾವು ಒಂದೇ ಒಂದು ಸಲ ತಿಂಗಳಿಗೆ ಎಷ್ಟು ಅಂತ ಲೆಕ್ಕ ಹಾಕಿರಲಿಲ್ಲ. ಅವತ್ತು ರಾತ್ರಿ ಕೂತು ಹಾಕಿದೆವು. ದಾವಣಗೆರೆ ಕಡೆಯಿಂದ ವಾರಕ್ಕೆರಡು ದಿನ ಫಿಸಿಯೊ, ದಿನಕ್ಕೆ 1,500, ತಿಂಗಳಿಗೆ 12,000. ಮಕ್ಕಳನ್ನು ಕರೆತರಲು ಆಟೊ 6,000. ಒಬ್ಬ ಆಯಾ 5,000. ಒಟ್ಟು 23,000. ವರ್ಷಕ್ಕೆ 2,76,000. ಡ್ರೈವರಣ್ಣ ಮೊಬೈಲಿನಲ್ಲಿ 25 ಲಕ್ಷವನ್ನು ಇದರಿಂದ ಭಾಗಿಸಿದರು. 9 ವರ್ಷ. ಯಾರೂ ಮಾತಾಡಲಿಲ್ಲ. ನಾನಂತೂ ಎದ್ದು ನೀರು ಕುಡಿಯಲು ಒಳಗೆ ಹೋದೆ.

ಹಳ್ಳಿಯ ಆರು ಮಕ್ಕಳು

ಹಾಳೆ ನೋಡಿದ ಗುಮಾಸ್ತರು ಮೊದಲು ಕೇಳಿದ್ದು, ಇವರೆಲ್ಲ ಪಟ್ಟಣದವರಾ? ಪುರಸಭೆಯ ಹಣ ಪುರಸಭೆ ವ್ಯಾಪ್ತಿಯವರಿಗೆ. 8 ಮಕ್ಕಳಿಗೆ ಸಿಗುತ್ತದೆ, 6 ಮಕ್ಕಳಿಗಿಲ್ಲ. ಅವರಿಗೆ ಅವರವರ ಗ್ರಾಮ ಪಂಚಾಯಿತಿಯ ಶೇ 5.

ಮೊದಲು 8 ಮಕ್ಕಳಿಗೆ ಶುರು ಮಾಡೋಣ, ಉಳಿದದ್ದು ಆಮೇಲೆ ಎಂದು ಕೆಲವರು. ನನಗೂ ಹಾಗೇ ಅನಿಸಿತ್ತು. ಹೂವಿನ ಅಕ್ಕನ ಮಗಳು ಪಟ್ಟಣದ ಪಟ್ಟಿಯಲ್ಲೇ ಇದ್ದಳು. ಆದರೂ ಒಪ್ಪದೇ ಇದ್ದವರು ಅವರೇ. "ಬಿಟ್ಟೋದೋರು ಬಿಟ್ಟೇ ಹೋಗ್ತಾರೆ. ಆಮೇಲೆ ಅಂದ್ರೆ ಸಾಹೇಬ್ರು ಹೇಳೋ ಆಮೇಲೇನೆ ಅದು" ಎಂದರು. ಎಲ್ಲರಿಗೂ ಆಗುವ ಹಾಗೆ ಕೇಳುವುದು ಎಂದು ತೀರ್ಮಾನವಾಯಿತು.

ದಾರಿ ತೋರಿಸಿದ್ದು ಮತ್ತೆ ಗುಮಾಸ್ತರೇ. ಫಲಾನುಭವಿಗಳ ಪಟ್ಟಿ ಕೊಟ್ಟು "ಇಂಥ ಮಕ್ಕಳಿಗೆ" ಎಂದು ಕೇಳಬೇಡಿ, "ಪಟ್ಟಣದಲ್ಲಿ ನಡೆಯುವ ಥೆರಪಿ ಕೇಂದ್ರಕ್ಕೆ" ಎಂದು ಕೇಳಿ ಎಂದರು. ಇದರ ಜೊತೆಗೆ ನಾಲ್ಕು ಪಂಚಾಯಿತಿಗಳಿಗೂ ಪತ್ರ ಕೊಟ್ಟೆವು. ಎರಡು ಆಟೊ ಖರ್ಚು ಕೊಡಲು ಒಪ್ಪಿದವು. ಒಂದು ಪಂಚಾಯಿತಿಯಲ್ಲಿ, "ನಮ್ಮಲ್ಲಿ ಇರೋದೇ ಒಂದು ಮಗು, ಅದಕ್ಕೆ ರೆಸಲ್ಯೂಷನ್ ಮಾಡ್ಬೇಕಾ?" ಎಂದು ನಕ್ಕರು. ಆ ಒಂದು ಮಗುವಿನ ಅಪ್ಪ ಅಲ್ಲೇ ನಿಂತಿದ್ದರು.

ಸಭೆ

ಪೂರ್ವಭಾವಿ ಸಭೆಗೆ ಸಾಮಾನ್ಯವಾಗಿ ಹತ್ತು ಜನ ಬರುವುದಿಲ್ಲ. ಅವತ್ತು ನಾವು 11 ಜನ ಹೋದೆವು. ಸಾಹೇಬ್ರಿಗೂ ಮಾಜಿಗೂ ಕರೆಯೋಲೆ ಕೊಟ್ಟಿದ್ದೆವು. ಚುನಾವಣೆ ಹತ್ತಿರವಿತ್ತು. ಒಬ್ಬರು ಬರುತ್ತಾರೆ ಎಂದು ಗೊತ್ತಾದರೆ ಇನ್ನೊಬ್ಬರು ಬಂದೇ ಬರುತ್ತಾರೆ ಎಂಬ ಲೆಕ್ಕ ಡ್ರೈವರಣ್ಣನದು. ಲೆಕ್ಕ ಸರಿಯಾಯಿತು.

ಸಾಹೇಬ್ರು ಮೊದಲು ಮಾತಾಡಿ, ಭವನಕ್ಕೆ ಇನ್ನೂ 10 ಲಕ್ಷ ಕೊಟ್ಟು ಮೇಲಂತಸ್ತು ಕಟ್ಟಿಸುತ್ತೇನೆ ಎಂದರು. ಹೂವಿನ ಅಕ್ಕ ಎದ್ದು ನಿಂತು, ಜಗಳದ ದನಿಯಿಲ್ಲದೆ ಕೇಳಿದರು: "ಅದು ಒಂದ್ಸಲಕ್ಕಾ ಸಾರ್, ತಿಂಗಳಿಗಾ?" ಸಾಹೇಬ್ರಿಗೆ ಅರ್ಥವಾಗಲಿಲ್ಲ. ಅಕ್ಕ ಇನ್ನೊಮ್ಮೆ ಕೇಳಿದರು. ಮಾಜಿ ನಗುತ್ತಾ, ತಾವು ಅಧಿಕಾರಕ್ಕೆ ಬಂದರೆ ಎಲ್ಲ ಮಕ್ಕಳಿಗೂ ಬ್ಯಾಟರಿ ಗಾಲಿಕುರ್ಚಿ ಎಂದರು. ಅಕ್ಕ ಆ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಸಭೆಯಲ್ಲಿ ಯಾರೋ ಹಿಂದಿನಿಂದ ನಕ್ಕರು.

ಆಗ ನಾನು ಹಾಳೆ ಕೊಟ್ಟೆ. ರಸ್ತೆಯ ನಡಾವಳಿ ನನ್ನ ಚೀಲದಲ್ಲಿತ್ತು. ತೆಗೆಯಬೇಕಾ ಬೇಡವಾ ಎಂದು ಅವತ್ತಿಡೀ ಒದ್ದಾಡಿದ್ದೆ. ತೆಗೆಯಲಿಲ್ಲ. ಆದರೆ ನಮ್ಮ ಹಾಳೆಯ ಕೊನೆಯಲ್ಲಿ "ಕಳೆದ ವರ್ಷಗಳ ಶೇ 5ರ ಖರ್ಚಿನ ವಿವರ ಮಾಹಿತಿ ಹಕ್ಕಿನಲ್ಲಿ ಪಡೆದಿದ್ದೇವೆ" ಎಂಬ ಒಂದು ಸಾಲು ಸೇರಿಸಿದ್ದೆವು. ಓದುತ್ತಾ ಆ ಸಾಲಿಗೆ ಬಂದಾಗ ಅಧ್ಯಕ್ಷರು ತಲೆ ಎತ್ತಿ ನನ್ನನ್ನು ನೋಡಿದರು. ಸಾಹೇಬ್ರೂ ಮಾಜಿಯೂ ಮತ್ತೆ ಮಾತಾಡಲಿಲ್ಲ. ಮುಖ್ಯಾಧಿಕಾರಿಗಳು, ಇದು ಸಣ್ಣ ಮೊತ್ತ, ಸೇರಿಸಬಹುದು ಎಂದರು.

ಏನಾಯಿತು

ಸಾಲು ಬಂತು. ಪೂರ್ತಿ ಬರಲಿಲ್ಲ. ಫಿಸಿಯೊ ಮತ್ತು ಆಯಾ ಒಪ್ಪಿದರು, ಆಟೊ ತೆಗೆದುಹಾಕಿದರು. ಹಸ್ತಾಂತರವಾಗದ ಭವನವನ್ನು ತಾತ್ಕಾಲಿಕ ಬಳಕೆಗೆ ಅಂತ ಬರೆದು ತೆರೆಸಿದರು. ಥೆರಪಿ ಶುರುವಾದ ವಾರ ಊರಲ್ಲಿ ಎರಡು ಫ್ಲೆಕ್ಸ್ ಎದ್ದವು. ಎರಡರಲ್ಲೂ ಮಕ್ಕಳ ಕೇಂದ್ರ ತಮ್ಮ ಪ್ರಯತ್ನದ ಫಲ ಎಂದಿತ್ತು. ನಾವು ಇಬ್ಬರಿಗೂ ಧನ್ಯವಾದ ಹೇಳಿದೆವು. ಅದಕ್ಕೆ ದುಡ್ಡು ಖರ್ಚಾಗಲ್ಲವಲ್ಲ.

ಮೊದಲ ಐದು ತಿಂಗಳ ಬಿಲ್ ಪಾಸಾಗಲಿಲ್ಲ. ಫಿಸಿಯೊ ಹುಡುಗಿ ಮೂರನೇ ತಿಂಗಳಿಗೇ ಬಿಟ್ಟುಹೋದರು. ಅವರ ತಪ್ಪಲ್ಲ, ಅವರದೂ ಹೊಟ್ಟೆಪಾಡು. ಎರಡನೆಯವರು ಬರುವವರೆಗೆ ಪೋಷಕರೇ ಚೀಟಿ ಎತ್ತಿ ದುಡ್ಡು ಹಾಕಿದರು. ಆಮೇಲೆ ಆಡಿಟ್‌ನಲ್ಲಿ, ಪಟ್ಟಣದಾಚೆಯ ಮಕ್ಕಳಿಗೆ ಸೇವೆ ಕೊಟ್ಟಿದ್ದು ಯಾಕೆ ಎಂದು ಆಕ್ಷೇಪಣೆ ಬಂತು. ಉತ್ತರ ಬರೆದಿದ್ದಾರೆ, ಇನ್ನೂ ತೀರಿಲ್ಲ. ಗುಮಾಸ್ತರಿಗೆ ವರ್ಗವಾಯಿತು, ಅದು ಮಾಮೂಲಿನದ್ದೋ ಇದಕ್ಕೋ ನಾನು ಹೇಳಲಾರೆ.

ಜಿಲ್ಲಾ ಖನಿಜ ಪ್ರತಿಷ್ಠಾನದ ಕಡೆಗೂ ಹೋಗಿದ್ದೆವು. ನಮ್ಮ ಜಿಲ್ಲೆಯಲ್ಲಿ ಅದಿರು ತೆಗೆಯುವವರು ರಾಯಧನದ ಜೊತೆ ಇದಕ್ಕೂ ಪಾಲು ಕಟ್ಟಬೇಕು. 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಯಾದರೆ ರಾಯಧನದ ಶೇ 30, ಹರಾಜಿನಲ್ಲಿ ಪಡೆದದ್ದಾದರೆ ಶೇ 10. ಆಗ ಶೇ 60 ಹಣ ಆದ್ಯತೆಯ ವಿಷಯಗಳಿಗೆ ಹೋಗಬೇಕಿತ್ತು, 2024ರ ಮಾರ್ಗಸೂಚಿಯಲ್ಲಿ ಅದು ಶೇ 70 ಆಯಿತು. ಆ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆ ಅಂಗವಿಕಲರ ಕಲ್ಯಾಣ ಎಂದು ಸ್ಪಷ್ಟವಾಗಿ ಬರೆದಿದೆ. ಡ್ರೈವರಣ್ಣ ಸಾಗಿಸುವ ಅದಿರಿನ ಪಾಲು ಅವರ ಮಗನಿಗೂ ಬರಬಹುದಿತ್ತು. ಅರ್ಜಿ "ಪರಿಶೀಲನೆಯಲ್ಲಿದೆ". ತಪ್ಪು ನಮ್ಮದೂ ಇದೆ. ಅದನ್ನು ಮತ್ತೆ ಒಂದ್ಸಲದ ಬೇಡಿಕೆಯ ಹಾಗೆ, ಸಲಕರಣೆ ಪಟ್ಟಿ ಮಾಡಿ ಬರೆದಿದ್ದೆ. ಹಳೆಯ ಚಾಳಿ.

ಸದ್ದಿಲ್ಲದೆ ಕೆಲಸಕ್ಕೆ ಬಂದದ್ದು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗೆ, ಅದರಲ್ಲಿ ಥೆರಪಿ ಖರ್ಚೂ ಸೇರುತ್ತದೆ. ಕೆಲವರು ಮಾಡಿಸಿಕೊಂಡರು. ಯಾರೂ ಫ್ಲೆಕ್ಸ್ ಹಾಕಲಿಲ್ಲ.

ಬೇರೆ ಊರಿನ ಪೋಷಕರು ಕೇಳಿದಾಗ ನಾನು ಹೇಳುವುದು ಹೆಚ್ಚೇನಿಲ್ಲ. ಡಿಸೆಂಬರ್ 3ಕ್ಕೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಕೇಳಬೇಕಾದದ್ದನ್ನು ಜನವರಿಯಲ್ಲಿ, ಬಜೆಟ್ ಬರೆಯುವವರ ಮೇಜಿನ ಮುಂದೆ ಕೇಳಿ. ಕೇಳುವ ಮೊದಲು ತಿಂಗಳ ಲೆಕ್ಕ ಹಾಕಿಕೊಳ್ಳಿ. ನಡಾವಳಿ ತರಿಸಿಕೊಳ್ಳಿ, ತೋರಿಸುವುದು ಬಿಡುವುದು ಆಮೇಲಿನ ಮಾತು. ಇನ್ನೊಂದು: ಕೊಡುವುದಿಲ್ಲ ಎನ್ನುವ ರಾಜಕಾರಣಿಯನ್ನು ನಾನು ಇನ್ನೂ ನೋಡಿಲ್ಲ. ಎಲ್ಲರೂ ಕೊಡುತ್ತೇನೆ ಎಂದೇ ಹೇಳಿದರು. ನಮ್ಮನ್ನು ಎರಡು ವರ್ಷ ಕೂರಿಸಿದ್ದು ಆ "ಕೊಡುತ್ತೇನೆ".

ಭವನಕ್ಕೆ ರ‍್ಯಾಂಪ್ ಇರಲಿಲ್ಲ, ಹೇಳುವುದು ಮರೆತೆ. ವಿಶೇಷ ಮಕ್ಕಳ ಭವನಕ್ಕೆ ಮೂರು ಮೆಟ್ಟಿಲು. ಆಯಾ ಮಕ್ಕಳನ್ನು ಎತ್ತಿಕೊಂಡು ಒಳಗೆ ಕರೆದೊಯ್ಯುತ್ತಿದ್ದರು. ಚುನಾವಣೆಗೆ ಅದೇ ಕಟ್ಟಡ ಮತಗಟ್ಟೆಯಾಯಿತು. ಮತಗಟ್ಟೆಗೆ ರ‍್ಯಾಂಪ್ ಇರಲೇಬೇಕು. ನಾಲ್ಕೇ ದಿನದಲ್ಲಿ ಸಿಮೆಂಟ್ ಬಿದ್ದು ರ‍್ಯಾಂಪ್ ಎದ್ದಿತು, ಹಿಡಿದುಕೊಳ್ಳುವ ಕಂಬಿ ಸಮೇತ. ಈಗ ಮಕ್ಕಳು ಅದರ ಮೇಲೇ ಹೋಗುತ್ತಾರೆ.

ಹೂವಿನ ಅಕ್ಕನ ಮಗಳಿಗೆ 18 ತುಂಬಿತು. ಮಕ್ಕಳ ಕೇಂದ್ರದ ಪಟ್ಟಿಯಿಂದ ಹೆಸರು ತೆಗೆದರು, ನಿಯಮ ಹಾಗೇ ಇದೆ. ಅದೇ ತಿಂಗಳು ಎರಡೂ ಪಕ್ಷದ ಬೂತ್ ಹುಡುಗರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 6 ಹಿಡಿದುಕೊಂಡು ಅವರ ಮನೆಗೆ ಬಂದರು. ಶೇ 40ಕ್ಕಿಂತ ಕಡಿಮೆ ಇಲ್ಲ ಎಂಬ ಸರ್ಟಿಫಿಕೇಟ್ ಇದೆಯಲ್ಲ, ವೋಟು ಹಾಕಲು ಬೂತಿಗೆ ಬರುವುದೂ ಬೇಡ, ಮನೆಗೇ ಬಂದು ಹಾಕಿಸಿಕೊಳ್ಳುತ್ತಾರೆ ಎಂದರು. ಅಕ್ಕ ಮಗಳ ಫೋಟೊ ಹುಡುಕಿ ಕೊಟ್ಟರು. ಆಮೇಲೆ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, ಮಗಳ ಮೊಣಕಾಲು ತೊಡೆ ಮೇಲೆ ಇಟ್ಟುಕೊಂಡು, ಫಿಸಿಯೊ ಹುಡುಗಿ ಕಲಿಸಿದ ಹಾಗೆ ನಿಧಾನಕ್ಕೆ ಎಳೆಯುತ್ತಾ ಕೂತರು. ಬೆಳಗ್ಗೆ ಇಪ್ಪತ್ತು ಸಲ, ರಾತ್ರಿ ಇಪ್ಪತ್ತು ಸಲ.